ಅಮ್ಮ ಹಲ್ಲು ಕಚ್ಚಿಕೊಂಡು ಹಾಲೂಡಿಸಬೇಕಿಲ್ಲ

ಮಕ್ಕಳೇ, ಅಜ್ಜಿ-ತಾತಂದಿರೇ, ಈ ವಾರದ ಮಾತು ಬಾಣಂತಿಯ ಕೋಣೆಯದು.

ಮನೆಗೆ ಹೊಸ ಪಾಪು ಬಂದಿದೆ. ಹೆಸರು ಹುಡುಕುವ ಸಂಭ್ರಮ ನಡೆದಿದೆ. ಆದರೆ ಪಾಪು ಹಸಿದು ಅತ್ತಾಗಲೆಲ್ಲ ಅಮ್ಮನ ಮುಖ ಸಪ್ಪಗಾಗುತ್ತದೆ. ಮಗುವನ್ನು ಎದೆಗೆ ಹಾಕಿಕೊಂಡ ಕೂಡಲೇ ಆಕೆಯ ಕಾಲ್ಬೆರಳು ಮುದುಡುತ್ತದೆ, ಕಣ್ಣಲ್ಲಿ ನೀರು ತುಂಬುತ್ತದೆ. ಏನಾಯಿತಮ್ಮ ಎಂದು ಕೇಳಿದರೆ "ಏನಿಲ್ಲ, ಹೋಗಿ ಆಡ್ಕೋ" ಎನ್ನುತ್ತಾಳೆ.

ಆಕೆಯ ಮೊಲೆತೊಟ್ಟು ಹುಣ್ಣಾಗಿದೆ, ಬಿರುಕು ಬಿಟ್ಟಿದೆ. ಚಳಿಗಾಲದಲ್ಲಿ ನಿಮ್ಮ ತುಟಿ ಒಡೆದಾಗ ಉಪ್ಪಿನಕಾಯಿ ತಾಗಿದರೆ ಹೇಗಿರುತ್ತದೆ, ನೆನಪಿಸಿಕೊಳ್ಳಿ. ಅಂಥ ಒಡಕನ್ನು ಹಸುಗೂಸು ಹಗಲು ರಾತ್ರಿ ಸೇರಿ 8ರಿಂದ 12 ಸಲ ಚೀಪುತ್ತದೆ. ಹೆತ್ತ ಮೊದಲ ವಾರಗಳಲ್ಲಿ ತುಂಬ ತಾಯಂದಿರು ಪಡುವ ಪಾಡು ಇದು. ಹಾಲೂಡಿಸುವುದನ್ನು ಎಷ್ಟೋ ಮಂದಿ ಬೇಗ ಬಿಟ್ಟುಬಿಡುವುದಕ್ಕೂ ಈ ನೋವೇ ಒಂದು ದೊಡ್ಡ ಕಾರಣ.

ಹೆಚ್ಚಿನವರ ಮಟ್ಟಿಗೆ ಈ ನೋವಿನ ಮೂಲ ಗೊತ್ತಿರುವಂಥದು, ಸರಿಪಡಿಸಬಹುದಾದದ್ದು. ಸರಿಪಡಿಸುವ ಕೆಲಸದಲ್ಲಿ ಮನೆಯವರೆಲ್ಲರಿಗೂ ಪಾಲಿದೆ.

ನಾಚಿಕೆ ಬೇಡ, ಇದು ಪಾಠದಲ್ಲೇ ಇದೆ

"ಮಕ್ಕಳ ಮುಂದೆ ಇದನ್ನೆಲ್ಲ ಹೇಳುತ್ತಾರೆಯೇ?" ಎಂದು ಕೆಲವು ತಾತಂದಿರು ಹುಬ್ಬೇರಿಸಬಹುದು. ಆದರೆ ಮಕ್ಕಳು ವಿಜ್ಞಾನದ ಪುಸ್ತಕದಲ್ಲಿ 'ಸಸ್ತನಿ' ಎಂಬ ಪದ ಓದಿರುತ್ತಾರೆ. ಸಸ್ತನಿ ಎಂದರೆ ಸ್ತನವುಳ್ಳದ್ದು, ಮರಿಗೆ ಮೊಲೆಯೂಡಿಸುವ ಜೀವಿ. ಸ್ವೀಡನ್ನಿನ ವಿಜ್ಞಾನಿ ಕಾರ್ಲ್ ಲಿನೇಯಸ್ 1758ರಲ್ಲಿ ಈ ಗುಂಪಿಗೆ ಲ್ಯಾಟಿನ್‌ನಲ್ಲಿ ಹೆಸರಿಡುವಾಗಲೂ ಸ್ತನ ಎಂಬರ್ಥದ ಪದವನ್ನೇ ಆರಿಸಿಕೊಂಡ. ಹಸು, ಆನೆ, ತಿಮಿಂಗಿಲ, ಬಾವಲಿ, ನಾವು ನೀವು ಎಲ್ಲರೂ ಆ ಗುಂಪಿನವರೇ.

ಕನ್ನಡದಲ್ಲಿ ಈ ಮಾತು ಹೊಸದೂ ಅಲ್ಲ. ವೈದ್ಯೆಯೂ ಲೇಖಕಿಯೂ ಆಗಿದ್ದ ಅನುಪಮಾ ನಿರಂಜನ (1934–1991) ಮಕ್ಕಳಿಗಾಗಿ 'ದಿನಕ್ಕೊಂದು ಕಥೆ' ಬರೆದರು, ಹೆತ್ತವರಿಗಾಗಿ 'ತಾಯಿ-ಮಗು' ಬರೆದರು. ಎರಡೂ ಒಂದೇ ಮನೆಯ ಕಪಾಟಿನಲ್ಲಿ ಅಕ್ಕಪಕ್ಕ ಇದ್ದವು. ಹಾಗೆಯೇ ಈ ಪುಟವನ್ನೂ ಅಜ್ಜಿ-ಮೊಮ್ಮಕ್ಕಳು ಜೊತೆಗೆ ಕೂತು ಓದಬಹುದು.

ಬೆಳ್ಳಂದೂರಿಗೆ ಬಂದ ತವರು

ಚೊಚ್ಚಲ ಹೆರಿಗೆಗೆ ಹುಡುಗಿ ತವರಿಗೆ ಹೋಗುವುದು ನಮ್ಮ ಕಡೆಯ ವಾಡಿಕೆ. ಬೆಳ್ಳಂದೂರು, ಹರಳೂರು, ಕಸವನಹಳ್ಳಿ, ಇಬ್ಬಲೂರಿನ ಫ್ಲಾಟುಗಳಲ್ಲಿ ಈಗ ತವರೇ ಮನೆಗೆ ಬರುತ್ತದೆ. ಹೊರವರ್ತುಲ ರಸ್ತೆಯ ಟೆಕ್ ಪಾರ್ಕಿನಲ್ಲಿ ಮಗಳಿಗೂ ಅಳಿಯನಿಗೂ ಕೆಲಸ, ಆಸ್ಪತ್ರೆಯೂ ಇಲ್ಲೇ. ಹಾಗಾಗಿ ಹಾಸನದಿಂದಲೋ ದಾವಣಗೆರೆಯಿಂದಲೋ ಅಜ್ಜಿ-ತಾತ ತುಪ್ಪದ ಡಬ್ಬಿ, ಬಾಣಂತಿ ಖಾರ, ಹರಳೆಣ್ಣೆ ಬಾಟಲಿ ಹೊತ್ತುಕೊಂಡು ಬಸ್ಸಿಳಿಯುತ್ತಾರೆ.

ಖಾರ, ತುಪ್ಪ ಬಂದವು. ಊರಿನಲ್ಲೇ ಉಳಿದುಹೋದದ್ದು ಇನ್ನೊಂದಿದೆ. ಹಳ್ಳಿಯ ತುಂಬಿದ ಮನೆಯಲ್ಲಿ ಹುಡುಗಿಯರು ಅಕ್ಕ, ಅತ್ತಿಗೆ, ಚಿಕ್ಕಮ್ಮ ಹಾಲೂಡಿಸುವುದನ್ನು ನೋಡುತ್ತಲೇ ಬೆಳೆಯುತ್ತಿದ್ದರು. ಮಗುವನ್ನು ಹೇಗೆ ಹಿಡಿಯಬೇಕು, ಎಷ್ಟು ಹತ್ತಿರಕ್ಕೆ ತರಬೇಕು ಎಂದು ಯಾರೂ ಪಾಠ ಹೇಳಬೇಕಿರಲಿಲ್ಲ. ಹತ್ತನೇ ಮಹಡಿಯ ಫ್ಲಾಟಿನಲ್ಲಿ ಮೊದಲ ಸಲ ತಾಯಿಯಾದವಳಿಗೆ ಹಾಗೆ ನೋಡಿ ಕಲಿಯುವ ಅವಕಾಶ ಸಿಕ್ಕಿರುವುದಿಲ್ಲ. ಆಸ್ಪತ್ರೆಯಿಂದ ಎರಡು-ಮೂರು ದಿನಕ್ಕೆ ಮನೆಗೆ ಬಂದುಬಿಡುತ್ತಾಳೆ. ನೋವು ಜೋರಾಗುವುದು ಆಮೇಲೆ.

ಹಾಲೂಡಿಸುವುದು ತಾಯಿಗೆ ತಾನಾಗಿ ಬರುತ್ತದೆ ಎಂದು ನಾವು ಅಂದುಕೊಂಡಿದ್ದೇವೆ. ಹಾಲು ತಾನಾಗಿ ಬರುತ್ತದೆ, ನಿಜ. ಊಡಿಸುವ ರೀತಿಯನ್ನು ತಾಯಿಯೂ ಮಗುವೂ ಕಲಿಯಬೇಕು, ಸೈಕಲ್ಲು ಕಲಿತ ಹಾಗೆ.

ಬಾಯೊಳಗೆ ಒಂದು ಪ್ರಯೋಗ

ಮಕ್ಕಳೇ, ಈಗ ಒಂದು ಪ್ರಯೋಗ ಮಾಡೋಣ. ನಾಲಗೆಯ ತುದಿಯನ್ನು ಮೇಲಿನ ಹಲ್ಲಿನ ಹಿಂದೆ ಇಡಿ. ಅಲ್ಲಿಂದ ಮೆಲ್ಲಗೆ ಹಿಂದಕ್ಕೆ ಜಾರಿಸಿ. ಮೊದಲು ಮೂಳೆಯ ಗಟ್ಟಿ ಚಾವಣಿ ಸಿಗುತ್ತದೆ. ಇನ್ನೂ ಹಿಂದೆ ಹೋದರೆ ಅದೇ ಚಾವಣಿ ಮೆತ್ತಗಾಗುತ್ತದೆ. ಗಟ್ಟಿಯದು ಮುಗಿದು ಮೆತ್ತನೆಯದು ಶುರುವಾಗುವ ಜಾಗ ಗೊತ್ತಾಯಿತೇ?

ಪಾಪು ಹಾಲು ಕುಡಿಯುವಾಗ ಅಮ್ಮನ ತೊಟ್ಟು ಸುಮಾರು ಆ ಜಾಗದ ತನಕ ಒಳಗೆ ಹೋಗಬೇಕು. ಅಲ್ಲಿದ್ದರೆ ಅದಕ್ಕೆ ತಿಕ್ಕಾಟವಿಲ್ಲ, ಒತ್ತಡವಿಲ್ಲ. ತುದಿ ಮಾತ್ರ ಬಾಯಿಗೆ ಸಿಕ್ಕಿದರೆ, ಕೆಳಗೆ ನಾಲಗೆ, ಮೇಲೆ ಗಟ್ಟಿ ಚಾವಣಿ, ನಡುವೆ ತೊಟ್ಟು ಸಿಕ್ಕಿಕೊಂಡು ನಜ್ಜುಗುಜ್ಜಾಗುತ್ತದೆ. ಒಂದೊಂದು ಸಲ ಹಾಲೂಡಿಸಲು ಇಪ್ಪತ್ತು-ಮೂವತ್ತು ನಿಮಿಷ ಹಿಡಿಯಬಹುದು. ಅಷ್ಟು ಹೊತ್ತು ತಿಕ್ಕಿದರೆ ಚರ್ಮ ಸುಲಿಯದೆ ಇರುತ್ತದೆಯೇ?

ಇನ್ನೊಂದು ಉದಾಹರಣೆ. ಎಳನೀರನ್ನು ನಳಿಕೆಯಲ್ಲಿ ಹೀರುವಾಗ ತುಟಿ ಮುಂದೆ ಮಾಡಿ ಬಾಯಿ ಚಿಕ್ಕದು ಮಾಡುತ್ತೀರಿ. ರಸಪುರಿ ಮಾವಿನಹಣ್ಣಿನ ವಾಟೆ ಚೀಪುವಾಗ ಬಾಯಿ ಅಗಲ ಮಾಡಿ ಒಳಗೆ ತುಂಬಿಕೊಳ್ಳುತ್ತೀರಿ. ಪಾಪು ಹಾಲು ಕುಡಿಯಬೇಕಾದದ್ದು ಮಾವಿನಹಣ್ಣಿನ ರೀತಿಯಲ್ಲಿ. ತೊಟ್ಟಿನ ಜೊತೆಗೆ ಸುತ್ತಲಿನ ಕಪ್ಪು ಭಾಗವೂ ಬಾಯಿ ತುಂಬ ಹೋಗಬೇಕು. ಹಾಲು ಬರುವ ಸಣ್ಣ ನಾಳಗಳು ಆ ಭಾಗದ ಕೆಳಗೇ ಇವೆ. ಬರೀ ತುದಿ ಚೀಪಿದರೆ ಅಮ್ಮನಿಗೆ ಹುಣ್ಣು, ಮಗುವಿಗೆ ಅರೆಹೊಟ್ಟೆ. ಹೊಟ್ಟೆ ತುಂಬದ ಮಗು ಮತ್ತೆ ಅಳುತ್ತದೆ, ಮತ್ತೆ ಹುಣ್ಣಿನ ಮೇಲೇ ಚೀಪುತ್ತದೆ.

ಹಿಡಿಯುವ ಕ್ರಮ

ಅಜ್ಜಿಯರೇ, ಇಲ್ಲಿ ನಿಮ್ಮ ಕಣ್ಣು ಬೇಕು. ಹಾಲೂಡಿಸುವವಳಿಗೆ ಮೇಲಿನಿಂದ ಎಲ್ಲವೂ ಕಾಣುವುದಿಲ್ಲ. ಪಕ್ಕದಲ್ಲಿ ಕೂತವರಿಗೆ ಚೆನ್ನಾಗಿ ಕಾಣುತ್ತದೆ.

ಮೊದಲು ತಾಯಿ ಆರಾಮಾಗಿ ಕೂರಲಿ. ಬೆನ್ನಿಗೆ ದಿಂಬು, ಕೈಕೆಳಗೆ ದಿಂಬು, ಕಾಲು ನೇತಾಡಿದರೆ ಕೆಳಗೊಂದು ಮಣೆ. ಸಿಸೇರಿಯನ್ ಆಗಿದ್ದರೆ ಪಕ್ಕಕ್ಕೆ ಒರಗಿ ಮಲಗಿಕೊಂಡೂ ಊಡಿಸಬಹುದು.

ಮಗುವಿನ ಕಿವಿ, ಭುಜ, ಸೊಂಟ ಒಂದೇ ಗೆರೆಯಲ್ಲಿರಬೇಕು. ಇಡೀ ಮೈ ತಾಯಿಯ ಕಡೆ ತಿರುಗಿರಬೇಕು, ಹೊಟ್ಟೆಗೆ ಹೊಟ್ಟೆ ತಾಗಬೇಕು. ಮಗು ಅಂಗಾತ ಮಲಗಿ ಕತ್ತು ಮಾತ್ರ ತಿರುಗಿಸಿದರೆ ನುಂಗುವುದೇ ಕಷ್ಟ. ಮಕ್ಕಳೇ, ನಂಬಿಕೆ ಬರದಿದ್ದರೆ ನಿಮ್ಮ ಗದ್ದವನ್ನು ಭುಜದ ಮೇಲೆ ತಂದು ಎಂಜಲು ನುಂಗಿ ನೋಡಿ.

ತಾಯಿ ಮುಂದಕ್ಕೆ ಬಾಗಿ ಎದೆಯನ್ನು ಮಗುವಿನ ಬಾಯಿಗೆ ತುರುಕಬಾರದು. ಮಗುವನ್ನೇ ಎದೆಯ ಬಳಿಗೆ ತರಬೇಕು. ತೊಟ್ಟನ್ನು ಮಗುವಿನ ಮೇಲ್ತುಟಿಗೆ ಸೋಕಿಸಿ ಕಾಯಬೇಕು. ಆಕಳಿಸಿದಷ್ಟು ಅಗಲ ಬಾಯಿ ತೆರೆದ ಕ್ಷಣದಲ್ಲಿ ಗದ್ದ ಮೊದಲು ತಾಗುವಂತೆ ಸರಕ್ಕನೆ ಹತ್ತಿರ ತರಬೇಕು. ಅರ್ಧ ತೆರೆದ ಬಾಯಿಗೆ ಅವಸರದಲ್ಲಿ ಕೊಟ್ಟರೆ ತುದಿ ಮಾತ್ರ ಸಿಗುತ್ತದೆ.

ಸರಿಯಾಗಿ ಹಿಡಿದಿದೆ ಎನ್ನುವುದಕ್ಕೆ ನಾಲ್ಕು ಗುರುತುಗಳಿವೆ. ವೈದ್ಯರೂ ಆಶಾ ಕಾರ್ಯಕರ್ತೆಯರೂ ಇವನ್ನೇ ನೋಡುತ್ತಾರೆ.

1. ಮಗುವಿನ ಬಾಯಿ ಅಗಲವಾಗಿ ತೆರೆದಿದೆ.
2. ಕೆಳತುಟಿ ಹೊರಕ್ಕೆ ಮಗುಚಿಕೊಂಡಿದೆ.
3. ಗದ್ದ ಎದೆಗೆ ಒತ್ತಿಕೊಂಡಿದೆ.
4. ತೊಟ್ಟಿನ ಸುತ್ತಲಿನ ಕಪ್ಪು ಭಾಗ ಮೇಲುಗಡೆ ಹೆಚ್ಚು ಕಾಣುತ್ತದೆ, ಕೆಳಗಡೆ ಕಡಿಮೆ ಕಾಣುತ್ತದೆ.

ಮಗು ಬಿಟ್ಟ ಮೇಲೆ ಇನ್ನೊಂದು ಗುರುತು ಸಿಗುತ್ತದೆ. ತೊಟ್ಟು ದುಂಡಗೇ ಇದ್ದರೆ ಸರಿ. ಹೊಸ ಲಿಪ್‌ಸ್ಟಿಕ್ಕಿನ ತುದಿಯಂತೆ ಓರೆಯಾಗಿ ಚಪ್ಪಟೆಯಾಗಿದ್ದರೆ, ಬೆಳ್ಳಗೆ ಬಿಳಿಚಿಕೊಂಡಿದ್ದರೆ, ಹಿಡಿತ ಸರಿಯಿರಲಿಲ್ಲ ಎಂದರ್ಥ.

ಮೊದಲ ದಿನಗಳಲ್ಲಿ ಮಗು ಬಾಯಿ ಹಾಕಿದ ಕೆಲವು ಕ್ಷಣ ಚುರುಕ್ ಎನ್ನಬಹುದು. ಆಮೇಲೂ ನೋವು ಮುಂದುವರಿದರೆ ತಡೆದುಕೊಂಡು ಕೂರುವುದು ಬೇಡ. ತೊಳೆದ ಕಿರುಬೆರಳನ್ನು ಮಗುವಿನ ಬಾಯಿಯ ಮೂಲೆಯಿಂದ ಮೆಲ್ಲಗೆ ಒಳಗಿಟ್ಟರೆ ಹಿಡಿತ ಸಡಿಲವಾಗುತ್ತದೆ. ಮಗುವನ್ನು ಬಿಡಿಸಿ ಮತ್ತೊಮ್ಮೆ ಹಿಡಿಸಿ. ಹಾಗೆಯೇ ಎಳೆದು ಬಿಡಿಸಿದರೆ ಬಿರುಕು ಇನ್ನೂ ಹೆಚ್ಚಾಗುತ್ತದೆ. ಒಂದು ಹೊತ್ತಿಗೆ ಮೂರು-ನಾಲ್ಕು ಸಲ ಹೀಗೆ ಬಿಡಿಸಿ ಹಿಡಿಸಬೇಕಾಗಬಹುದು. ಕೆಲವು ದಿನಗಳಲ್ಲಿ ಇಬ್ಬರಿಗೂ ರೂಢಿಯಾಗುತ್ತದೆ.

ಏನು ಹಚ್ಚಬೇಕು?

ಹಾಲು ಕರೆಯುವ ಮೊದಲು ಹಸುವಿನ ಮೊಲೆಗೆ ಬೆಣ್ಣೆಯನ್ನೋ ಎಣ್ಣೆಯನ್ನೋ ಸವರಿದ ನೆನಪು ಎಷ್ಟೋ ಅಜ್ಜಿಯರಿಗೆ ಇರುತ್ತದೆ. ಆದ್ದರಿಂದ ಮಗಳ ನೋವು ಕಂಡ ಕೂಡಲೇ ಕೈ ಹರಳೆಣ್ಣೆ, ಬೆಣ್ಣೆ, ಅರಿಸಿನ, ಜೇನುತುಪ್ಪದ ಕಡೆ ಹೋಗುತ್ತದೆ. ಅಕ್ಕರೆಯಿಂದಲೇ ಹೋಗುತ್ತದೆ. ಆದರೆ ಒಂದು ನೆನಪಿರಲಿ: ತೊಟ್ಟಿಗೆ ಹಚ್ಚಿದ್ದೆಲ್ಲ ಮಗುವಿನ ಹೊಟ್ಟೆಗೆ ಹೋಗುತ್ತದೆ.

ಜೇನುತುಪ್ಪವಂತೂ ಒಂದು ವರ್ಷ ತುಂಬುವ ತನಕ ಮಗುವಿನ ಬಾಯಿಗೆ ಸೋಕಲೇಬಾರದು. ಅದರಲ್ಲಿ ಇರಬಹುದಾದ ಒಂದು ಬಗೆಯ ಬ್ಯಾಕ್ಟೀರಿಯಾದ ಬೀಜಕಣಗಳು ಎಳೆಗೂಸಿನ ಕರುಳಿನಲ್ಲಿ ಬೆಳೆದು ವಿಷ ಉಂಟುಮಾಡಬಹುದು. ಬಾಟುಲಿಸಂ ಎಂಬ ಆ ಕಾಯಿಲೆ ಅಪರೂಪ, ಆದರೆ ಅಪಾಯಕಾರಿ.

ಹಾಗಾದರೆ ಮದ್ದೇನು? ಹಾಲೂಡಿಸಿದ ಮೇಲೆ ಎರಡು ಹನಿ ಎದೆಹಾಲನ್ನೇ ಹಿಂಡಿ ತೊಟ್ಟಿನ ಮೇಲೆ ಸವರಿ, ಗಾಳಿಗೆ ಒಣಗಲು ಬಿಡುವುದು. ಇಷ್ಟೇ. ದುಡ್ಡು ಬೇಡ, ಅಂಗಡಿಗೆ ಹೋಗಬೇಕಿಲ್ಲ, ಮಗುವಿಗೆ ಕೊಡುವ ಮೊದಲು ತೊಳೆಯಬೇಕಿಲ್ಲ.

ಇದು ಬರೀ ಬಾಯಿಮಾತಲ್ಲ. ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗಿನೋಡುವ ಕಾಕ್ರೇನ್ ಸಂಸ್ಥೆ 2014ರಲ್ಲಿ ಇದೇ ನೋವಿನ ಮೇಲೆ ನಡೆದ 4 ಅಧ್ಯಯನಗಳನ್ನು ಪರಿಶೀಲಿಸಿತು. ಅವುಗಳಲ್ಲಿ 656 ತಾಯಂದಿರಿದ್ದರು. ಏನೂ ಹಚ್ಚದಿರುವುದು ಅಥವಾ ಎದೆಹಾಲನ್ನೇ ಹಚ್ಚುವುದು ಲ್ಯಾನೋಲಿನ್ ಮುಲಾಮಿನಷ್ಟೇ, ಕೆಲವೊಮ್ಮೆ ಅದಕ್ಕಿಂತ ಹೆಚ್ಚು, ಉಪಯೋಗವಾಗಬಹುದು ಎಂದು ಕಂಡಿತು. ಹಚ್ಚಿದ್ದು ಯಾವುದೇ ಆಗಿರಲಿ, ಹೆರಿಗೆಯಾದ 7ರಿಂದ 10 ದಿನಗಳ ಹೊತ್ತಿಗೆ ಹೆಚ್ಚಿನವರ ನೋವು ತೀರಾ ಇಳಿದಿತ್ತು. ಮಕ್ಕಳೇ, ಲ್ಯಾನೋಲಿನ್ ಎಂದರೆ ಕುರಿಯ ಉಣ್ಣೆಯಿಂದ ತೆಗೆದ ಜಿಡ್ಡು. ಅದನ್ನು ಬಳಸುವುದು ತಪ್ಪಲ್ಲ. ಆದರೆ ಹಿಡಿತ ಸರಿಪಡಿಸದೆ ಯಾವ ಮುಲಾಮು ಹಚ್ಚಿದರೂ ಕಲ್ಲು ಸಿಕ್ಕಿದ ಚಪ್ಪಲಿ ಹಾಕಿಕೊಂಡು ಕಾಲಿಗೆ ಔಷಧಿ ಹಚ್ಚಿದಂತೆ.

ಇನ್ನು ಕೆಲವು ಸಣ್ಣ ಮಾತುಗಳು. ತೊಟ್ಟಿಗೆ ಸೋಪು ಹಚ್ಚಿ ಉಜ್ಜಬೇಡಿ. ಸುತ್ತಲಿನ ಕಪ್ಪು ಭಾಗದಲ್ಲಿರುವ ಪುಟ್ಟ ಗ್ರಂಥಿಗಳು ಚರ್ಮ ಒಣಗದಂತೆ ಎಣ್ಣೆ ಒಸರುತ್ತವೆ, ಸೋಪು ಅದನ್ನು ತೊಳೆದುಬಿಡುತ್ತದೆ. ದಿನಕ್ಕೊಮ್ಮೆ ಸ್ನಾನದ ನೀರೇ ಸಾಕು. ಒಳಗೆ ಹತ್ತಿಬಟ್ಟೆ ಇರಲಿ, ಒದ್ದೆಯಾದ ಕೂಡಲೇ ಬದಲಿಸಲಿ. ಕಡಿಮೆ ನೋವಿರುವ ಕಡೆಯಿಂದ ಹಾಲೂಡಿಸಲು ಶುರುಮಾಡಲಿ, ಏಕೆಂದರೆ ಹಸಿದ ಮಗು ಮೊದಲು ಜೋರಾಗಿ ಎಳೆಯುತ್ತದೆ. ಮಗು ಕಿರುಚಿ ಅಳುವ ತನಕ ಕಾಯದೆ, ತುಟಿ ಚಪ್ಪರಿಸಿ ಕೈ ಬಾಯಿಗೆ ಹಾಕುವಾಗಲೇ ಎತ್ತಿಕೊಳ್ಳಲಿ.

ಬಿರುಕಿನಿಂದ ಸ್ವಲ್ಪ ರಕ್ತ ಬಂದು ಮಗುವಿನ ಬಾಯಿಗೆ ಹೋದರೆ ಗಾಬರಿಯಾಗಬೇಕಿಲ್ಲ, ಅದರಿಂದ ಹಾಲು ಕೆಡುವುದಿಲ್ಲ. ತಾಯಿಗೆ ಎಚ್‌ಐವಿ ಅಥವಾ ಹೆಪಟೈಟಿಸ್ ಸೋಂಕು ಇರುವುದು ಗೊತ್ತಿದ್ದರೆ ಮಾತ್ರ ತೊಟ್ಟು ಒಡೆದ ಕೂಡಲೇ ವೈದ್ಯರನ್ನು ಕೇಳಬೇಕು.

ಬಾಟಲಿಯ ಆಸೆ

ಮಗಳು ಅಳುವುದನ್ನು ನೋಡಲಾರದೆ "ಬಿಡೇ, ಒಂದೆರಡು ದಿನ ಪುಡಿಹಾಲು ಹಾಕೋಣ" ಎಂದು ಅಜ್ಜಿಯೇ ಹೇಳುವುದುಂಟು. ಅದರ ಹಿಂದೆ ಪ್ರೀತಿ ಇದೆ. ಆದರೆ ಎದೆಹಾಲು ಊಟೆಯ ಬಾವಿಯಂತೆ, ಸೇದಿದಷ್ಟೂ ಊರುತ್ತದೆ. ಎರಡು ದಿನ ಸೇದದಿದ್ದರೆ ಊಟೆ ಕಡಿಮೆಯಾಗುತ್ತದೆ. ಅದಕ್ಕೂ ಮೊದಲು ಎದೆ ಕಲ್ಲಿನಂತೆ ಗಟ್ಟಿಯಾಗಿ ಇನ್ನೊಂದು ಬಗೆಯ ನೋವು ಶುರುವಾಗುತ್ತದೆ. ಗಟ್ಟಿಯಾದ ಎದೆಯನ್ನು ಮಗು ಬಾಯಿ ತುಂಬ ಹಿಡಿಯಲಾರದು, ಮತ್ತೆ ತುದಿಯನ್ನೇ ಕಚ್ಚುತ್ತದೆ.

ನೀರಿನ ಮಾತೂ ಇದೆ. ಪುಡಿಹಾಲು ಕಲಸಲು ಪ್ರತಿ ಸಲವೂ ಶುದ್ಧವಾದ, ಕುದಿಸಿದ ನೀರು ಬೇಕು, ಬಾಟಲಿಯನ್ನೂ ಕುದಿಸಬೇಕು. ಬೆಳ್ಳಂದೂರಿನ ಸುತ್ತಿನ ಎಷ್ಟೋ ಅಪಾರ್ಟ್‌ಮೆಂಟುಗಳು ಕೊಳವೆಬಾವಿ, ಟ್ಯಾಂಕರ್ ನೀರನ್ನೇ ನೆಚ್ಚಿಕೊಂಡಿವೆ. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಜನ ಕೊಡ ಹಿಡಿದು ಟ್ಯಾಂಕರ್‌ಗೆ ಕಾದದ್ದು ನೆನಪಿದೆಯಲ್ಲ? ಎದೆಹಾಲಿಗೆ ಆ ಪಾಡಿಲ್ಲ. ಆರು ತಿಂಗಳ ತನಕ ಎದೆಹಾಲೊಂದೇ ಸಾಕು, ಎಂಥ ಬೇಸಿಗೆಯಲ್ಲೂ ಮಗುವಿಗೆ ಬೇರೆ ನೀರು ಸಹ ಬೇಡ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹಾಲಿನ ಪುಡಿ, ಹಾಲಿನ ಬಾಟಲಿಗಳ ಜಾಹೀರಾತನ್ನು ನಮ್ಮ ದೇಶದಲ್ಲಿ 1992ರ ಕಾಯ್ದೆ ನಿಷೇಧಿಸಿದೆ. ತಾಯಂದಿರು ಸುಸ್ತಾದ ಹೊತ್ತಿನಲ್ಲಿ ಅಂಗಡಿಯ ಮಾತಿಗೆ ಮರುಳಾಗದಿರಲಿ ಎಂದೇ ಆ ಕಾಯ್ದೆ.

ನೋವು ತಡೆಯಲಾಗದಷ್ಟಿದ್ದರೆ ನಡುವಿನ ದಾರಿಯೊಂದಿದೆ. ಹುಣ್ಣಾದ ಕಡೆಯ ಹಾಲನ್ನು ಒಂದು ದಿನ ಕೈಯಿಂದ ಹಿಂಡಿ, ಒಳಲೆಯಲ್ಲಿ ಕುಡಿಸುವುದು. ಒಳಲೆ ಎಂದರೇನು ಎಂದು ಮಕ್ಕಳು ಅಜ್ಜಿಯನ್ನೇ ಕೇಳಬೇಕು. ಕೊಕ್ಕಿನಂಥ ಮೂತಿಯ ಆ ಪುಟ್ಟ ಬಟ್ಟಲು ಹಳೆಯ ಮನೆಗಳಲ್ಲಿ ಬೆಳ್ಳಿಯದೋ ಹಿತ್ತಾಳೆಯದೋ ಇರುತ್ತಿತ್ತು. ಇಂದಿನ ಆಸ್ಪತ್ರೆಗಳಲ್ಲೂ ನವಜಾತ ಶಿಶುಗಳಿಗೆ ಅದೇ ಆಕಾರದ ಬಟ್ಟಲಿನಲ್ಲಿ ಹಾಲು ಕೊಡುತ್ತಾರೆ. ಅಟ್ಟದ ಮೇಲಿನ ಒಳಲೆಯನ್ನು ಇಳಿಸಿ, ಚೆನ್ನಾಗಿ ತಿಕ್ಕಿ, ಕುದಿಸಿ ಬಳಸಬಹುದು. ಹಿತ್ತಾಳೆಯದಾದರೆ ಬೇಡ, ಸ್ಟೀಲಿನದು ತನ್ನಿ.

ವೈದ್ಯರೇ ನೋಡಿ, ಮಗುವಿನ ತೂಕ ಸಾಲದು, ಪುಡಿಹಾಲು ಬೇಕು ಎಂದರೆ ಕೊಡಲೇಬೇಕು. ಅದಕ್ಕಾಗಿ ತಾಯಿ ತನ್ನನ್ನು ತಾನು ಹಳಿದುಕೊಳ್ಳಬೇಕಿಲ್ಲ. ಮನೆಯವರಂತೂ ಒಂದು ಮಾತೂ ಆಡಬಾರದು.

ಡಾಕ್ಟರ ಬಳಿ ಯಾವಾಗ?

ಹಿಡಿತ ಸರಿಯಾದ ಮೇಲೆ ಒಂದೆರಡು ದಿನದಲ್ಲೇ ಹಗುರವೆನಿಸಬೇಕು. ಹಾಗಾಗದಿದ್ದರೆ ಬೇರೆ ಕಾರಣವಿರಬಹುದು.

ಮಗುವಿನ ನಾಲಗೆ, ಕೆನ್ನೆಯ ಒಳಗೆ ಒರೆಸಿದರೂ ಹೋಗದ ಬಿಳಿ ಕಲೆಗಳಿದ್ದು, ತಾಯಿಗೆ ಹಾಲೂಡಿಸಿದ ಮೇಲೂ ಉರಿ ನಿಲ್ಲದಿದ್ದರೆ ಅದು ಶಿಲೀಂಧ್ರದ ಸೋಂಕಿರಬಹುದು. ಆಗ ತಾಯಿ, ಮಗು ಇಬ್ಬರಿಗೂ ಒಟ್ಟಿಗೇ ಔಷಧಿ ಆಗಬೇಕು. ನಾಲಗೆಯ ಕೆಳಗಿನ ಪೊರೆ ಬಿಗಿಯಾಗಿದ್ದು ನಾಲಗೆ ಮುಂದೆ ಚಾಚಲಾಗದಿದ್ದರೆ ಮಗು ಎಷ್ಟು ಪ್ರಯತ್ನಿಸಿದರೂ ಸರಿಯಾಗಿ ಹಿಡಿಯಲಾರದು. ಮಕ್ಕಳ ವೈದ್ಯರು ನೋಡಿ ಹೇಳುತ್ತಾರೆ.

ಎದೆಯ ಒಂದು ಭಾಗ ಕೆಂಪಾಗಿ ಬಿಸಿಯಾಗಿ ಗಟ್ಟಿಯಾದರೆ, ಚಳಿಜ್ವರ ಬಂದರೆ, ಬಿರುಕಿನಲ್ಲಿ ಕೀವು ಕಂಡರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಬಿರುಕಿನ ಮೂಲಕ ಸೋಂಕು ಒಳಗೆ ಹೋಗಿರಬಹುದು. ಅದನ್ನು "ಹಾಲುಜ್ವರ, ತಾನೇ ಇಳಿಯುತ್ತೆ" ಎಂದು ಬಿಡಬಾರದು. ಆ ಸ್ಥಿತಿಯಲ್ಲೂ ಸಾಮಾನ್ಯವಾಗಿ ಹಾಲೂಡಿಸುವುದನ್ನು ನಿಲ್ಲಿಸಬೇಕಿಲ್ಲ.

ಮಗುವಿಗೆ ಹಾಲು ಸಾಲುತ್ತಿದೆಯೇ ಎಂದು ತಿಳಿಯಲು ಒಂದು ಲೆಕ್ಕ ಇದೆ. ಐದನೇ ದಿನದ ನಂತರ ದಿನಕ್ಕೆ 6 ಸಲವಾದರೂ ಚೆನ್ನಾಗಿ ಉಚ್ಚೆ ಹೊಯ್ಯಬೇಕು. ಕಡಿಮೆಯಾದರೆ ವೈದ್ಯರಿಗೆ ತೋರಿಸಿ.

ದೊಡ್ಡ ಆಸ್ಪತ್ರೆಗಳಲ್ಲಿ ಹಾಲೂಡಿಸುವುದನ್ನು ಕಲಿಸಲೆಂದೇ ಲ್ಯಾಕ್ಟೇಷನ್ ಕೌನ್ಸೆಲರ್ ಎಂಬವರಿರುತ್ತಾರೆ. ಹೆರಿಗೆಯಾದ ಆಸ್ಪತ್ರೆಗೆ ಫೋನು ಮಾಡಿ ಕೇಳಿ. ರಾಜ್ಯ ಸರ್ಕಾರದ ಆರೋಗ್ಯ ಸಹಾಯವಾಣಿಯ ಸಂಖ್ಯೆ 104.

ಅಜ್ಜಿ ಇಲ್ಲದ ತಾಯಿ

ಬೆಳ್ಳಂದೂರೆಂದರೆ ಎತ್ತರದ ಫ್ಲಾಟುಗಳಷ್ಟೇ ಅಲ್ಲ. ಆ ಫ್ಲಾಟುಗಳನ್ನು ಕಟ್ಟುವವರು, ಗುಡಿಸುವವರು, ಅಡುಗೆ ಮಾಡುವವರು ತಗಡಿನ ಶೆಡ್ಡುಗಳಲ್ಲಿ ಇದ್ದಾರೆ. ರಾಯಚೂರು, ಯಾದಗಿರಿ, ಇನ್ನೂ ದೂರದ ಬಂಗಾಳದಿಂದ ಬಂದವರಲ್ಲೂ ಬಾಣಂತಿಯರಿದ್ದಾರೆ. ಅವರಿಗೆ ತವರು ದೂರ, ರಜೆಯೆಂಬುದಿಲ್ಲ.

ಹೆರಿಗೆ ಸೌಲಭ್ಯದ ಕಾಯ್ದೆಯಂತೆ, 10 ಅಥವಾ ಹೆಚ್ಚು ಮಂದಿ ಕೆಲಸ ಮಾಡುವ ಸಂಸ್ಥೆಯ ತಾಯಿಗೆ ಮೊದಲ ಎರಡು ಮಕ್ಕಳಿಗೆ 26 ವಾರ ಸಂಬಳಸಹಿತ ರಜೆ ಸಿಗುತ್ತದೆ. 50 ಅಥವಾ ಹೆಚ್ಚು ಮಂದಿ ಇರುವಲ್ಲಿ ಶಿಶುಪಾಲನಾ ಕೇಂದ್ರವಿರಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಅಲ್ಲಿಗೆ ಹೋಗಿ ಬರಬಹುದು. ಮನೆಗೆಲಸದವಳಿಗೆ ಈ ಕಾಯ್ದೆ ಸಿಗುವುದಿಲ್ಲ. ನಿಮ್ಮ ಮನೆಗೆ ಬರುವ ಆಕೆ ಹೆತ್ತ ತಿಂಗಳಿಗೇ ಕೆಲಸಕ್ಕೆ ಬಂದಿದ್ದರೆ, ನೋವಿದೆಯೇನಮ್ಮ ಎಂದು ಕೇಳಿ. ಮೇಲಿನ ನಾಲ್ಕು ಗುರುತು ತೋರಿಸಿಕೊಡಿ. ಸಂಬಳ ಹಿಡಿಯದೆ ಕೆಲವು ವಾರ ರಜೆ ಕೊಡಿ.

ಆಶಾ ಕಾರ್ಯಕರ್ತೆಯರು ಇಂಥ ತಾಯಂದಿರಿಗೆ ದೊಡ್ಡ ಆಸರೆ. 2011ರಲ್ಲಿ ಶುರುವಾದ ಕಾರ್ಯಕ್ರಮದಂತೆ, ಆಸ್ಪತ್ರೆಯಲ್ಲಿ ಹೆರಿಗೆಯಾದ ಮೇಲೆ 3, 7, 14, 21, 28 ಮತ್ತು 42ನೇ ದಿನ ಅವರು ಮನೆಗೆ ಬಂದು ತಾಯಿ-ಮಗುವನ್ನು ನೋಡಬೇಕು, ಹಾಲೂಡಿಸುವ ರೀತಿಯನ್ನೂ ತೋರಿಸಬೇಕು. ಅವರು ಬಂದಾಗ ನೋವಿನ ವಿಷಯ ಬಾಯಿಬಿಟ್ಟು ಹೇಳಿ.

ರಜೆ ಮುಗಿಸಿ ಟೆಕ್ ಪಾರ್ಕಿಗೆ ಮರಳುವ ತಾಯಂದಿರಿಗೆ ಒಂದು ಮಾತು. ಹಾಲು ತೆಗೆಯುವ ಪಂಪಿನಿಂದಲೂ ತೊಟ್ಟು ಒಡೆಯುತ್ತದೆ. ಅದರ ಲಾಳಿಕೆ ಚಿಕ್ಕದಾಗಿ ತೊಟ್ಟು ಅಂಚಿಗೆ ಉಜ್ಜುತ್ತಿದ್ದರೆ ದೊಡ್ಡ ಅಳತೆಯದು ಬೇಕು. ಎಳೆತದ ಜೋರು ಹೆಚ್ಚಿಸಿದರೆ ಹಾಲು ಹೆಚ್ಚು ಬರುವುದಿಲ್ಲ, ಗಾಯ ಮಾತ್ರ ಹೆಚ್ಚುತ್ತದೆ. ತೆಗೆದ ಹಾಲನ್ನು ಫ್ರಿಜ್ಜಿನ ಹೊರಗೆ ನಾಲ್ಕು ಗಂಟೆಗಿಂತ ಹೆಚ್ಚು ಹೊತ್ತು ಇಡಬಾರದು.

ಯಾರ ಕೆಲಸ ಏನು?

ಮಕ್ಕಳಿಗೆ: ಅಮ್ಮ ಹಾಲೂಡಿಸಲು ಕೂತಾಗ ಒಂದು ದೊಡ್ಡ ಲೋಟ ನೀರು ತಂದು ಕೈಗೆಟುಕುವಂತೆ ಇಡಿ. ಟಿವಿ ಸದ್ದು ತಗ್ಗಿಸಿ. ದಿಂಬು ಜಾರಿದರೆ ಸರಿಪಡಿಸಿ. ಪಾಪು ಎಷ್ಟು ಸಲ ಉಚ್ಚೆ ಹೊಯ್ದಿತು ಎಂದು ಒಂದು ಹಾಳೆಯಲ್ಲಿ ಗೆರೆ ಹಾಕುವ ಲೆಕ್ಕಿಗರು ನೀವೇ ಆಗಿ. ಅಮ್ಮ ಅತ್ತರೆ ಅದು ನಿಮ್ಮ ತಪ್ಪಿನಿಂದಲ್ಲ, ಪಾಪುವಿನ ತಪ್ಪಿನಿಂದಲೂ ಅಲ್ಲ. ಪಾಪು ಬೇಕೆಂದು ಕಚ್ಚುತ್ತಿಲ್ಲ, ಅದಕ್ಕಿನ್ನೂ ಹಲ್ಲೇ ಇಲ್ಲ.

ತಾತಂದಿರಿಗೆ: ಮಗು ನೋಡಲು ಬರುವ ನೆಂಟರನ್ನು ಹಜಾರದಲ್ಲೇ ಕೂರಿಸಿ ಮಾತಾಡಿಸುವ ಹೊಣೆ ನಿಮ್ಮದು. ಬಾಣಂತಿಗೆ ಬಾಗಿಲು ಹಾಕಿಕೊಂಡು ಎದೆಯನ್ನು ಗಾಳಿಗೆ ಬಿಟ್ಟು ಕೂರುವಷ್ಟು ಏಕಾಂತ ಬೇಕು. ದೊಡ್ಡ ಮಗುವನ್ನು ಸ್ಕೂಲ್ ಬಸ್ಸಿಗೆ ಹತ್ತಿಸಿ ಬನ್ನಿ, ಆ ಹೊತ್ತಿನಲ್ಲಿ ಆಕೆ ಅರ್ಧ ಗಂಟೆ ನಿದ್ದೆ ಮಾಡಲಿ.

ಅಪ್ಪಂದಿರಿಗೆ: ರಾತ್ರಿ ಎರಡು ಗಂಟೆಗೆ ಮಗುವನ್ನು ಎತ್ತಿಕೊಡುವುದು, ಹಾಲು ಕುಡಿದ ಮೇಲೆ ಭುಜಕ್ಕೆ ಹಾಕಿಕೊಂಡು ತೇಗಿಸುವುದು, ಬಟ್ಟೆ ಬದಲಿಸುವುದು, ಇಷ್ಟು ನಿಮ್ಮ ಪಾಲು.

ಅಜ್ಜಿಯರಿಗೆ: ನಿಮ್ಮ ಎಣ್ಣೆನೀರು, ಬಿಸಿ ಊಟ, "ಬಗ್ಗಿ ಕೆಲಸ ಮಾಡಬೇಡ" ಎಂಬ ಗದರಿಕೆ ಎಲ್ಲವೂ ಇರಲಿ. "ನಾವೆಲ್ಲ ಸಹಿಸಿಕೊಳ್ಳಲಿಲ್ಲವೇ?" ಎಂಬ ಮಾತೊಂದನ್ನು ಬಿಟ್ಟುಬಿಡಿ. ನೀವು ಸಹಿಸಿಕೊಂಡದ್ದು ನಿಜ. ಆಗ ನಿಮ್ಮ ಪಕ್ಕದಲ್ಲಿ ಕೂತು "ಇನ್ನೊಂಚೂರು ಹತ್ತಿರ ತಗೋ, ಬಾಯಿ ತೆರೀಲಿ, ಈಗ ಕೊಡು" ಎಂದು ಯಾರಾದರೂ ಹೇಳಿದ್ದರೆ ಆ ನೋವು ಅರ್ಧಕ್ಕರ್ಧ ಇಳಿಯುತ್ತಿತ್ತು. ಇವತ್ತು ನಿಮ್ಮ ಮಗಳಿಗೆ, ಸೊಸೆಗೆ ಆ ಮಾತನ್ನು ನೀವು ಹೇಳಿ.

ಮುಂದಿನ ವಾರ: ಪಾಪುವಿಗೆ ಮೊದಲ ತುತ್ತು — ರಾಗಿ ಸರಿಯೋ, ಅಕ್ಕಿ ಗಂಜಿಯೋ?